ಕಣ್ಣಿನ ಮಟ್ಟಕ್ಕೆ ಬಂದ ಬೈಕು

ಬೈಕನ್ನು ಲಿಫ್ಟಿನ ಹಲಗೆಯ ಮೇಲಕ್ಕೆ ತಳ್ಳಿ ನಿಲ್ಲಿಸುವವರೆಗೂ ವೀಬ್ರನ್ ಬಯ್ಯುವುದನ್ನು ಬಿಡಲಿಲ್ಲ.

"ನಾನೂರು ಯೂರೋ ಸುರಿದಿದ್ದೀಯ ಈ ತಗಡು ಲಿಫ್ಟಿಗೆ. ಕುಸಿದು ನಿನ್ನ ಮೇಲೇ ಬಿದ್ರೆ? ಬೈಕನ್ನ ಗುಜರಿಗೆ ಹಾಕು ಅಂತ ಒಂದೂವರೆ ವರ್ಷದಿಂದ ಬಡ್ಕೋತಿದ್ದೀನಿ. ಓಡಿಸೋಕಂತೂ ಆಗಲ್ಲ, ಇಟ್ಕೊಂಡು ಮುದ್ದು ಮಾಡ್ತೀಯಾ?"

"ಪಟ್ಟಿ ಬಿಗಿ, ಸಾಕು. ಹೋಗಿರೋದು ಕಾಲು, ಕೈಯಲ್ಲ," ಎಂದ ತಮ್ಮ ಯೆಲ್ಮರ್, ಗಾಲಿಕುರ್ಚಿಯನ್ನು ಹಿಂದಕ್ಕೆ ಸರಿಸುತ್ತ.

ಸಮುದ್ರದ ಏರಿಯ ಮೇಲಿನ ತಿರುವಿನಲ್ಲಿ ಅವನ ಸಮೇತ ಹಳ್ಳಕ್ಕೆ ಉರುಳಿದ್ದ ಬೈಕು ಅಂದಿನಿಂದ ಗ್ಯಾರೇಜಿನ ಮೂಲೆ ಹಿಡಿದಿತ್ತು. ಕುರ್ಚಿಯಲ್ಲಿ ಕೂತವನಿಗೆ ಅದರ ಟ್ಯಾಂಕು, ಹ್ಯಾಂಡಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಗ್ಗಿದರೆ ತಾನೇ ಮಗುಚಿಕೊಳ್ಳುತ್ತಿದ್ದ. ಅದಕ್ಕೇ ಈ ಲಿಫ್ಟು ತರಿಸಿದ್ದ. ಕರೆಂಟಿನದಕ್ಕೆ ಮೂರು ಪಟ್ಟು ಬೆಲೆ. ಇದು ಅಗ್ಗದ್ದು, ಕಾಲಿನಿಂದ ಪೆಡಲು ತುಳಿದು ಏರಿಸುವಂಥದ್ದು. ವೀಬ್ರನ್ ತುಳಿಯಲು ಹೋದ. ಯೆಲ್ಮರ್ ಅವನನ್ನು ತಡೆದು, ತಾನೇ ಕೊಯ್ದಿಟ್ಟುಕೊಂಡಿದ್ದ ಕಬ್ಬಿಣದ ಕೊಳವೆಯಿಂದ ಪೆಡಲನ್ನು ಒತ್ತತೊಡಗಿದ. ಒಂದೊಂದು ಒತ್ತಿಗೆ ಒಂದೊಂದು ಬೆರಳಿನಷ್ಟು ಮೇಲೆ. ಅಂಗಿ ಬೆವರಿಗೆ ಬೆನ್ನಿಗಂಟಿತು. ಕೊನೆಗೆ ಮುಂದಿನ ಚಕ್ರ ಅವನ ಮುಖದ ಎದುರಿಗೆ ಬಂತು. ಲಿಫ್ಟು ಇಳಿಯದಂತೆ ಅಡ್ಡಸರಳು ಸಿಕ್ಕಿಸಿದ.

ಒಣಗಿದ ಕೆಸರನ್ನು ಬಟ್ಟೆಯಿಂದ ಒರೆಸುತ್ತಿದ್ದ ಕೈ ಬ್ರೇಕಿನ ಹತ್ತಿರ ನಿಂತಿತು. ಬ್ರೇಕನ್ನು ಹಿಡಿದಿಡುವ ಎರಡು ಬೋಲ್ಟುಗಳಲ್ಲಿ ಒಂದು ಇರಲಿಲ್ಲ. ಇನ್ನೊಂದು ಬೆರಳು ತಾಗಿಸಿದರೆ ತಿರುಗುತ್ತಿತ್ತು. ಅದನ್ನು ಬಿಚ್ಚಿ ದೀಪಕ್ಕೆ ಹಿಡಿದು ನೋಡಿದ. ಖಾಲಿ ತೂತಿನೊಳಕ್ಕೂ ಟಾರ್ಚ್ ಬಿಟ್ಟು ನೋಡಿದ. ತಿರುಪಿನ ಗೆರೆ ಒಂದೂ ಹರಿದಿರಲಿಲ್ಲ. ಬಿದ್ದ ಏಟಿಗೆ ಕಿತ್ತುಬಂದಿದ್ದರೆ ಹೀಗಿರುತ್ತಿರಲಿಲ್ಲ; ಬೋಲ್ಟನ್ನು ಬಿಗಿದೇ ಇರಲಿಲ್ಲ.

ಬ್ರೇಕ್ ಹಿಡಿದೆ, ಹತ್ತಲಿಲ್ಲ ಎಂದು ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬರುಬರುತ್ತಾ ಅವನೇ ಹಾಗೆ ಹೇಳುವುದನ್ನು ನಿಲ್ಲಿಸಿದ್ದ.

"ನಾನು ಬೀಳೋ ಹಿಂದಿನ ದಿನ ಬ್ರೇಕ್ ಪ್ಯಾಡ್ ಹಾಕಿದ್ದು ನೀನು," ಎಂದ.

ವೀಬ್ರನ್ ಬಾಗಿಲ ಕಡೆ ನೋಡಿದ.

"ವೀಬ್ರನ್."

"ಟಿವಿಲಿ ಸ್ಕೇಟಿಂಗ್ ಫೈನಲ್ ಶುರುವಾಗಿತ್ತು ಕಣೋ. ಬೋಲ್ಟನ್ನ ಕೈಯಲ್ಲೇ ತಿರುಗಿಸಿಟ್ಟು ಒಳಗೆ ಓಡಿದೆ. ಆಮೇಲೆ ಬಿಗಿ ಮಾಡಿದ್ದೀನಿ ಅಂತಲೇ ಅಂದ್ಕೊಂಡಿದ್ದೆ."

"ಯಾವಾಗ ಗೊತ್ತಾಯ್ತು?"

"ಪೊಲೀಸರ ಹತ್ರದಿಂದ ಬೈಕ್ ಬಿಡಿಸ್ಕೊಂಡು ಬರೋವಾಗ. ಆಮೇಲೆ ಹೊಸ ಬೋಲ್ಟ್ ಹಾಕಿ ಮುಚ್ಚಿಬಿಡೋಣ ಅಂತ ಎರಡು ಸಲ ಸ್ಪ್ಯಾನರ್ ಹಿಡ್ಕೊಂಡು ಇಲ್ಲಿಗೆ ಬಂದೆ. ಕೈ ಬರ್ಲಿಲ್ಲ."

ಯೆಲ್ಮರ್ ಕೊಳವೆಯನ್ನು ಎತ್ತಿ ಗೋಡೆಗೆ ಬೀಸಿ ಎಸೆದ. ಇಟ್ಟಿಗೆಯ ಚೂರು ಹಾರಿ ವೀಬ್ರನ್‌ನ ಬೂಟಿನ ಮೇಲೆ ಬಿತ್ತು.

"ಬೋಲ್ಟ್ ಮರೆತೆ, ಹೋಗ್ಲಿ. ನಾನೂ ಮರೀತೀನಿ. ಆದ್ರೆ ಅಮ್ಮನ ಹುಟ್ಟುಹಬ್ಬಕ್ಕೆ ದುಂಡಗೆ ಕುರ್ಚಿ ಹಾಕ್ಕೊಂಡು ಕೂತಿದ್ರಲ್ಲ ಎಲ್ರೂ, ಕೇಕ್ ತಿನ್ನುತ್ತಾ ಏನಂದೆ ನೀನು? 'ವೇಗ ಬೇಡ ಅಂತ ನೂರು ಸಲ ಹೇಳಿದ್ದೆ, ಕೇಳಲಿಲ್ಲ' ಅಂದೆ. ನಾನು ಪಕ್ಕದಲ್ಲೇ ಇದ್ದೆ ಕಣೋ. ನಾನೂ ಹೌದು ಅಂತ ತಲೆ ಆಡಿಸಿದೆ. ಅಮ್ಮ ಅದನ್ನೇ ನಂಬ್ಕೊಂಡು ಸತ್ಲು."

"ಗೊತ್ತು."

"ನಿನಗೇನು ಗೊತ್ತು?"

ವೀಬ್ರನ್ ನೆಲಕ್ಕೆ ಕುಸಿದು ಕೂತ. ಐವತ್ತು ದಾಟಿದ ದಪ್ಪ ಮನುಷ್ಯ, ಮೂಗು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿ ಸಿಗದೆ ತೋಳಿನಿಂದಲೇ ಒರೆಸಿಕೊಂಡ. "ಏನು ಮಾಡ್ಲಿ ಹೇಳು. ಪೊಲೀಸ್ ಹತ್ರ ಹೋಗ್ಲಾ? ಹೋಗ್ತೀನಿ."

"ಪೊಲೀಸ್ ಬೇಡ. ಅವತ್ತು ಕೇಕ್ ತಿಂದ್ರಲ್ಲ, ಅವರಿಗೆಲ್ಲ ಫೋನ್ ಮಾಡು. ಇಲ್ಲೇ, ನನ್ನ ಮುಂದೆ. ಒಬ್ಬೊಬ್ಬರಿಗೂ."

"ಹದಿನಾಲ್ಕು ಜನ ಇದ್ರು ಯೆಲ್ಮರ್."

"ಹಿಲ್ಟ್ಯ ಚಿಕ್ಕಮ್ಮನಿಂದ ಶುರು ಮಾಡು. ಸ್ಪೀಕರ್‌ಗೆ ಹಾಕು."

ವೀಬ್ರನ್ ಫೋನಿನಲ್ಲಿ ಚಿಕ್ಕಮ್ಮನ ಹೆಸರು ಹುಡುಕಿ ತೆಗೆದ. ಯೆಲ್ಮರ್ ಅವನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಹೆಬ್ಬೆರಳು ಒತ್ತಿತು. ನಾಲ್ಕು ಸಲ ಗಂಟೆ ಹೊಡೆದ ಮೇಲೆ ಮುದುಕಿಯ ಗಟ್ಟಿ ದನಿ ಗ್ಯಾರೇಜನ್ನು ತುಂಬಿತು.

"ವೀಬ್ರನ್, ನೀನಾ? ಎಷ್ಟು ಒಳ್ಳೇವನಪ್ಪ ನೀನು, ವಾರ ವಾರ ಹೋಗಿ ಅವನನ್ನ ನೋಡ್ಕೋತೀಯಂತೆ. ಏನಂತಾನೆ? ಈಗಲಾದ್ರೂ ಬುದ್ಧಿ ಬಂತಾ ಅವನಿಗೆ?"