ಕೋಲಿನ ದರ್ಜಿ

ಮಾಂಕರನ ಮೊದಲ ಹೊಡೆತವೇ ಮುಳ್ಳುಪೊದೆಗೆ ಹೋಯಿತು. ಅವನು ಬೈದುಕೊಳ್ಳಲಿಲ್ಲ. ಕೋಲನ್ನು ಚೀಲಕ್ಕೆ ತುರುಕಿ ಇಮ್ರಿಯ ಕಡೆ ತಿರುಗಿದ.

"ನಿನ್ನ ಸರದಿ, ದರ್ಜಿ."

ಇಮ್ರಿ ದರ್ಜಿಯಲ್ಲ. ಮೈದಾನದ ಬಾಗಿಲಲ್ಲೇ ಇರುವ ಮರದ ಶೆಡ್ಡಿನಲ್ಲಿ, ಬಂದವರ ಎತ್ತರ, ತೋಳಿನ ಉದ್ದ, ಬೀಸುವ ವೇಗ ನೋಡಿ ಗಾಲ್ಫ್ ಕೋಲುಗಳನ್ನು ಅವರವರ ಮೈಗೆ ಹೊಂದಿಸಿಕೊಡುವವನು. ಒಬ್ಬರ ಕೋಲನ್ನು ಬೆರಳಗಲ ಉದ್ದ ಮಾಡುತ್ತಾನೆ. ಇನ್ನೊಬ್ಬರದರ ಕಬ್ಬಿಣದ ತಲೆಯನ್ನು ಇಷ್ಟೇ ಇಷ್ಟು ಬಗ್ಗಿಸುತ್ತಾನೆ. ಸ್ಕಾಟ್ಲೆಂಡಿನ ಕಡಲಂಚಿನ ಬಾಲ್ಕ್ರೇಗಿನಲ್ಲಿ ಅರ್ಧ ಊರು ಅವನು ಹೊಂದಿಸಿದ ಕೋಲಿನಲ್ಲಿ ಆಡುತ್ತದೆ. ಉಳಿದರ್ಧ ಊರು ಕ್ಲಬ್ಬಿನ ಕಾರ್ಯದರ್ಶಿ ಮಾಂಕರನ ಹಿಂದೆ ನಿಂತು ಇಮ್ರಿಯನ್ನು ನೋಡಿ ನಗುತ್ತದೆ.

ಮಾಂಕರನಿಗೆ ಆ ಶೆಡ್ಡು ಬೇಕು. ಬ್ಯಾಟರಿ ಗಾಡಿಗಳನ್ನು ನಿಲ್ಲಿಸಲು ಎನ್ನುತ್ತಾನೆ. ನಿಜ ಸಂಗತಿ ಊರಿಗೆಲ್ಲ ಗೊತ್ತು. ಕುಡಿಯುವ ಕೋಣೆಯಲ್ಲಿ ಎಲ್ಲರ ಮುಂದೆ ಇಮ್ರಿ ಒಮ್ಮೆ ಹೇಳಿಬಿಟ್ಟಿದ್ದ, ಮಾಂಕರ್ ಆಡುವುದು ಗಿಡ್ಡ ಚಿಕ್ಕಪ್ಪನ ಕೋಲುಗಳಲ್ಲಿ, ಅದಕ್ಕೇ ಅಂಗಿಯಿಂದ ಬಿದ್ದ ಗುಂಡಿ ಹುಡುಕುವವನ ಹಾಗೆ ಬಗ್ಗಿರುತ್ತಾನೆ ಎಂದು. ಕುಣಿಯಲಾರದವಳಿಗೆ ನೆಲ ಡೊಂಕು, ಈ ಇಮ್ರಿ ನೆಲ ನೆಟ್ಟಗೆ ಮಾಡಿಕೊಡ್ತೀನಿ ಅಂತ ಅಂಗಡಿ ತೆರೆದಿದ್ದಾನೆ ಎಂದು ಮಾಂಕರ್ ಉತ್ತರ ಕೊಟ್ಟಿದ್ದ. ಅಂದಿನಿಂದ ಇಬ್ಬರೂ ಒಂದು ಮೇಜಿಗೆ ಕೂತಿಲ್ಲ.

ಜಗಳ ಕ್ಲಬ್ಬಿನ ಸಭೆಗೆ ಬಂದಾಗ ಕ್ಯಾಪ್ಟನ್ ಎಫಿ ಟುಲಾಕ್ ಬೇಸತ್ತು ಹೇಳಿದ್ದಳು, ಬಾಯಿ ಸಾಕು, ಶರತ್ಕಾಲದ ಬಟ್ಟಲಿನ ಪಂದ್ಯದ ದಿನ ಕೋಲುಗಳೇ ಮಾತಾಡಲಿ, ಯಾರ ಕೋಲು ಮೇಲೆಂದು ನೋಡಿದವರು ಸಂಜೆ ಕೈ ಎತ್ತಿ ಹೇಳಲಿ. ಇಮ್ರಿಯ ಕೋಲು ಗೆಲ್ಲಿಸಿದರೆ ಶೆಡ್ಡು ಅವನದು. ಇಲ್ಲವಾದರೆ ಗಾಡಿಗಳದು. ಈ ಬೆಳಿಗ್ಗೆ ಟೋಪಿಯೊಳಗಿಂದ ಚೀಟಿ ಎತ್ತಿದಾಗ ಇಬ್ಬರ ಹೆಸರೂ ಒಟ್ಟಿಗೆ ಬಂದವು. ಇಡೀ ಸಭಾಂಗಣ ನಕ್ಕಿತು. ಇಬ್ಬರು ಮಾತ್ರ ನಗಲಿಲ್ಲ.

ಇಮ್ರಿ ಮೊಣಕಾಲುದ್ದ ಮುಳ್ಳಿನಲ್ಲಿ ನಿಂತು ಬೀಸಿದ. ಚೆಂಡು ಪೊದೆಯನ್ನು ಸೀಳಿಕೊಂಡು ಬಂದು ಬಯಲಿನ ನಟ್ಟನಡುವೆ ಬಿತ್ತು. ಅವನ ಮುಂಗೈಯಲ್ಲಿ ರಕ್ತ.

"ಪೊದೆಗೂ ಅಳತೆ ತಗೊಂಡಿದ್ಯಾ?" ಎಂದ ಮಾಂಕರ್.

ಇಮ್ರಿ ಮುಂಗೈಯ ರಕ್ತ ಪ್ಯಾಂಟಿಗೆ ಒರೆಸಿಕೊಂಡ. ಲೆಕ್ಕ ತೀರಿಸಲು ಅವನಿಗೆ ಮುಂದಿನ ಕುಳಿಯೇ ಸಾಕಿತ್ತು. ಅದು ಕಡಲಿಗೆ ಅಂಟಿಕೊಂಡ ಸಣ್ಣ ದೂರದ ಆಟ. ಗಾಳಿ ಇರಲಿಲ್ಲ. ಮಕ್ಕಳೂ ಚೆಂಡನ್ನು ಕುಳಿಯ ಬಾವುಟದ ಹತ್ತಿರ ಹಾಕಬಹುದಿತ್ತು. ಮೊದಲು ಹೊಡೆಯಬೇಕಾದವನು ಇಮ್ರಿ. ಅವನು ಬಹಳ ಹೊತ್ತು ನೋಡಿದ, ಬಾವುಟವನ್ನಲ್ಲ. ಆಮೇಲೆ ಹೊಡೆದ. ಚೆಂಡು ನೇರ ಮರಳುಗುಂಡಿಗೆ ಇಳಿದು, ಕಡಿದಾದ ಗೋಡೆಯ ಬುಡದಲ್ಲಿ ಹೂತುಕೊಂಡಿತು.

ಹಿಂದೆ ಬರುತ್ತಿದ್ದವರಲ್ಲಿ ಕಟುಕ ಗೂರ್ಲೆ ಜೋರಾಗಿ ನಕ್ಕ. ಇಷ್ಟೆಲ್ಲ ಅಳೆದು ಹೊಲಿಸಿದ ಕೋಲು ಇದೇನಾ ಎಂದು ಕೇಳಿದ. ಇನ್ನಿಬ್ಬರು ಮೂವರು ತಲೆಯಾಡಿಸಿದರು. ಶೆಡ್ಡು ಹೋಯಿತೆಂದೇ ಅರ್ಥ. ವಿಚಿತ್ರವೆಂದರೆ ಮಾಂಕರನ ಮುಖ ಕಪ್ಪಿಟ್ಟಿತ್ತು.

"ಬೇಕಂತಲೇ ಮಾಡ್ದೆ," ಎಂದ, ಇಮ್ರಿಗಷ್ಟೇ ಕೇಳುವಂತೆ.

"ನಾನು ಹೇಳಿದ ಜಾಗಕ್ಕೇ ಹೋಗುತ್ತೆ ನನ್ನ ಕೋಲು, ಕಾರ್ಯದರ್ಶಿಗಳೇ."

ಮಾಂಕರನ ಹೊಡೆತ ಮರಳಿನೊಳಗಿಂದ. ಚಿಕ್ಕಪ್ಪನ ತುಕ್ಕು ಹಿಡಿದ ಕಬ್ಬಿಣ ಹಿಡಿದು, ಬೆನ್ನು ಮುರಿಯುವ ಹಾಗೆ ಬಗ್ಗಿ, ದ್ವೇಷವನ್ನೆಲ್ಲ ಸೊಂಟಕ್ಕೆ ತಂದುಕೊಂಡು ಬೀಸಿದ. ಮರಳು ಚಿಮ್ಮಿತು. ಚೆಂಡು ಬಾವುಟದ ಪಕ್ಕದಲ್ಲಿ ಬೆಕ್ಕಿನಂತೆ ಕೂತಿತು. ಗೂರ್ಲೆ ನಗು ನಿಲ್ಲಿಸಿದ.

ಆಮೇಲೆ ದಿನವೆಲ್ಲ ಹೀಗೇ. ಒಬ್ಬ ಕಲ್ಲುಗೋಡೆಯ ಬುಡಕ್ಕೆ ಹೊಡೆದರೆ ಇನ್ನೊಬ್ಬ ಹಲ್ಲು ಕಚ್ಚಿ ಜೀವಮಾನದ ಹೊಡೆತ ಹೊಡೆದ. ಹಳ್ಳದ ಅಂಚು, ಮೊಲದ ಬಿಲ, ಆಳದ ಹುಲ್ಲು, ಯಾವುದನ್ನೂ ಬಿಡಲಿಲ್ಲ. ಅರ್ಧದಾರಿಯಲ್ಲಿ ಮಾಂಕರ್ ಬಿಸಿ ಮಾಂಸದ ಕಡುಬು ಕೊಂಡು ಇಮ್ರಿಯ ಮುಖಕ್ಕೆ ಹಬೆ ತಾಗುವಂತೆ ನಿಂತು ತಿಂದ. ಇಮ್ರಿ ಅವನ ಕೋಲಿನ ಹಿಡಿಯತ್ತ ನೋಡಿ, ಚಿಕ್ಕಪ್ಪನ ಕೈ ಮಗುವಿನದಾಗಿತ್ತೇನೋ ಎಂದ. ಹಿಂಬಾಲಿಸುವ ಗುಂಪು ಬೆಳೆಯಿತು. ಅಳತೆಯಲ್ಲೇ ಎಲ್ಲ ಇದೆ ಎಂದು ಒಂದು ಹೊಡೆತಕ್ಕೆ ಅಂದವರು, ಅಳತೆಯಲ್ಲಿ ಏನೂ ಇಲ್ಲ ಎಂದು ಇನ್ನೊಂದಕ್ಕೆ ಅಂದರು.

ಕೊನೆಯ ಕುಳಿಗೆ ಬರುವ ಹೊತ್ತಿಗೆ ಮಿಕ್ಕವರೆಲ್ಲ ಆಡಿ ಮುಗಿಸಿದ್ದರು. ಅತಿ ಕಡಿಮೆ ಹೊಡೆತ ಬಳಸಿದವರಿಗೆ ಬಟ್ಟಲು. ಇಮ್ರಿ ಮೊದಲ ಏಟನ್ನು ನೆಟ್ಟಗೆ, ದೂರ ಹೊಡೆದ. ಮಾಂಕರ್ ಚೆಂಡನ್ನು ಕುಳಿಯ ಸುತ್ತಲ ಹಸಿರು ಹಾಸಿನವರೆಗೆ ಮುಟ್ಟಿಸಿದ, ಆದರೆ ಕುಳಿಯಿಂದ ಅತ್ತ ತುದಿಗೆ. ಇನ್ನು ಇಮ್ರಿ ನೆಲದ ಮೇಲೆ ಉರುಳಿಸುವ ಚೆಂಡು ಒಂದೇ ಏಟಿಗೆ ಕುಳಿ ಸೇರಿದರೆ, ಆ ದಿನ ಅದಕ್ಕಿಂತ ಕಡಿಮೆ ಹೊಡೆತದಲ್ಲಿ ಆಡಿ ಮುಗಿಸಿದವರಿಲ್ಲ.

ಇಮ್ರಿ ಕುಕ್ಕರಗಾಲಲ್ಲಿ ಕೂತು ನೆಲದ ಇಳಿಜಾರು ನೋಡಿದ. ಶೆಡ್ಡು ಖಾಲಿ ಮಾಡಿಸಲು ಬಂದವರಂತೆ ಜನ ಸುತ್ತ ನಿಂತಿದ್ದರು. ಕುಳಿಯ ಹಿಂದೆ ನಿಂತ ಮಾಂಕರನ ತುಟಿ ಅಲುಗುತ್ತಿತ್ತು. ಶಾಪ ಹಾಕುತ್ತಿದ್ದಾನೆ ಎಂದ ಗೂರ್ಲೆ.

ಚೆಂಡು ಏರಿತು, ವಾಲಿತು, ನಿಂತೇಬಿಟ್ಟಿತು ಎನ್ನುವಾಗ ಒಳಗೆ ಬಿತ್ತು.

ಮಾಂಕರನ ಎರಡೂ ಕೈ ತಾವಾಗಿಯೇ ಮೇಲೆ ಹಾರಿದವು. ಮರುಕ್ಷಣ ಕದ್ದ ಮಾಲಿನಂತೆ ಅವನ್ನು ಜೇಬಿಗೆ ತಳ್ಳಿಕೊಂಡ.

ಎಫಿ ಟುಲಾಕ್ ಬಟ್ಟಲು ಹಿಡಿದು ಬಂದಳು.

"ಹಾಗಾದ್ರೆ ಶೆಡ್ಡು ನಂದೇ ತಾನೆ?" ಎಂದ ಇಮ್ರಿ.

"ಯಾರ ಕೋಲು ಗೆಲ್ಲಿಸ್ತು ಅಂತ ಹೇಗೆ ಹೇಳ್ಲಿ? ಇಲ್ಲಿ ನಿಂತೋರು ಒಬ್ರಿಗೂ ಗೊತ್ತಾಗ್ಲಿಲ್ಲ. ಗೊತ್ತಾಗೋವರ್ಗೂ ಶೆಡ್ಡು ಇದ್ದ ಹಾಗೇ ಇರ್ಲಿ." ಬಟ್ಟಲಿನ ಒಂದು ಹಿಡಿಯನ್ನು ಇಮ್ರಿಯ ಕೈಗೆ ಕೊಟ್ಟು, ಇನ್ನೊಂದನ್ನು ಮಾಂಕರನ ಕೈಗೆ ತುರುಕಿದಳು. "ಮುಂದಿನ ವರ್ಷಾನೂ ನೀವೇ."

ಬಾಲ್ಕ್ರೇಗಿನ ಶರತ್ಕಾಲದ ಬಟ್ಟಲಿಗೆ ಆಡುವುದು ಜೋಡಿಗಳು, ಜೋಡಿಗೆ ಒಂದೇ ಚೆಂಡು, ಒಬ್ಬನಾದ ಮೇಲೆ ಒಬ್ಬನ ಏಟು, ಮತ್ತು ಗೆದ್ದ ಜೋಡಿ ಸೋಲುವ ತನಕ ಬೇರೆಯಾಗುವಂತಿಲ್ಲ.