ಹಿಂದಿನ ಸೀಟು

"ಹಿಂದಿನ ಸೀಟ ಎಲ್ಲದರಿ ಮಾಸ್ತರ?" ಎಂದರು ಶಕುಂತಲಾಬಾಯಿ.

ವೈಜನಾಥ ಮಾಸ್ತರು ತಾವು ಮಾಡಿದ ಕಟ್ಟಿಗೆಯ ವಿಮಾನಕ್ಕೆ ಸುತ್ತಿ ತಂದಿದ್ದ ಟವೆಲ್ ಇನ್ನೂ ಮಡಚುತ್ತಿದ್ದರು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಆ ವಿಮಾನವನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಮೊಳದುದ್ದದ ಟೆಂಪೆಸ್ಟ್ ಯುದ್ಧವಿಮಾನ, ಪೂರಾ ಸಾಗುವಾನಿಯದು. ಮೂತಿಯ ಪಂಖಾ ಬೆರಳು ತಾಗಿಸಿದರೆ ಗಿರ್ರನೆ ತಿರುಗುತ್ತಿತ್ತು. ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳವನ್ನು ಮಿಠಾಯಿ ಡಬ್ಬಿಯ ಪ್ಲಾಸ್ಟಿಕ್ ಕಾಯಿಸಿ ಮಾಡಿದ್ದರು. ಹೊಗಳಿಸಿಕೊಳ್ಳಲು ತಯಾರಾಗಿ ಬಂದಿದ್ದ ಮನುಷ್ಯನಿಗೆ ಸಿಕ್ಕ ಮೊದಲ ಮಾತು ಇದು.

ಬಾಯಿಯ ಗಂಡ ವೀರಭದ್ರಪ್ಪ ಹಾರಿಸುತ್ತಿದ್ದುದು ಇಂಥದೇ ವಿಮಾನ. ಐವತ್ತೊಂದನೆಯ ಇಸವಿಯಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ, ದಂಡೆಯ ಮೇಲೆ ನಿಂತ ಗೆಳೆಯರು ನೋಡಲೆಂದು ನದಿಯ ನೀರು ಮುಟ್ಟುವಷ್ಟು ಕೆಳಗೆ ಇಳಿಸಿ, ಇದ್ದಬದ್ದ ವೇಗದಲ್ಲಿ ಹೊಡೆದು, ಸೇತುವೆಗೆ ಬಡಿದು ತೀರಿಹೋದರು. ಅದಾಗಿ ನಲವತ್ತೈದು ವರ್ಷದ ಮೇಲೆ, ಯಾವುದೋ ಪ್ರದರ್ಶನದಲ್ಲಿ ಈ ಡ್ರಾಯಿಂಗ್ ಮಾಸ್ತರರ ಕಟ್ಟಿಗೆಯ ವಿಮಾನಗಳನ್ನು ಕಂಡ ಬಾಯಿ ಅವರನ್ನು ಮನೆಗೆ ಕರೆಸಿಕೊಂಡಿದ್ದರು. ಗೋಡೆಯ ಮೇಲೆ ಎರಡು ಫೋಟೋ. ಒಂದರಲ್ಲಿ ವೀರಭದ್ರಪ್ಪ ವಿಮಾನಕ್ಕೆ ಒರಗಿ ನಿಂತಿದ್ದರು. ಇನ್ನೊಂದರಲ್ಲಿ ಫಟಫಟಿ ಮೋಟಾರ್ ಸೈಕಲ್ಲಿನ ಮೇಲೆ ಕೂತಿದ್ದರು, ಹಿಂದೆ ತಲೆತುಂಬ ಸೆರಗು ಹೊದ್ದ ಹೊಸ ಹೆಂಡತಿ. ಮಾಸ್ತರು ಮೊದಲನೆಯದನ್ನು ಇಳಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದರು. ಎರಡನೆಯದರಿಂದ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ.

ಅವತ್ತು ಹೊರಡುವಾಗ ಬಾಯಿ, ಪೈಲಟ್ ಹಿಂದೆ ಇನ್ನೊಂದು ಸೀಟು ಹಾಕಿ ಎಂದರು. ಮಾಸ್ತರು ನಕ್ಕುಬಿಟ್ಟರು. ಟೆಂಪೆಸ್ಟಿಗೆ ಇರುವುದೇ ಒಂದು ಸೀಟು, ಎರಡು ಸೀಟಿನದನ್ನು ಯಾರೂ ಕಟ್ಟಲೇ ಇಲ್ಲ ಎಂದು ಅರ್ಧ ತಾಸು ಪಾಠ ಹೇಳಿದರು. ಬಾಯಿ ಎಲ್ಲವನ್ನೂ ಕೇಳಿಸಿಕೊಂಡರು.

"ಇದ್ದಿಲ್ಲ ಅಂತ ನನಗೂ ಗೊತ್ತದರಿ. ಇದ್ದಿದ್ರ ಹ್ಯಾಂಗ ಇರ್ತಿತ್ತು, ಹಂಗ ಮಾಡ್ರಿ."

ಮಾಸ್ತರು ಹೂಂ ಅಂದರು. ಅಂದರೇ ಹೊರತು ಕೈ ಬರಲಿಲ್ಲ. ರೆಕ್ಕೆ ಒಂದು ನೂಲು ಹೆಚ್ಚಾದರೂ ನಿದ್ದೆಗೆಡುವ ಜಾತಿ ಅವರದು. ಇಲ್ಲದ ಸೀಟನ್ನು ಇದೆ ಎಂದು ಮಾಡುವುದು ಅವರಿಗೆ ಸುಳ್ಳು ಸಾಕ್ಷಿ ಹೇಳಿದಷ್ಟು ಕಷ್ಟ. ಇದ್ದದ್ದು ಇದ್ದ ಹಾಗೆಯೇ ಮಾಡಿ ತಂದಿದ್ದರು. ನೋಡಿದ ಮೇಲೆ ಮುದುಕಿ ಸೀಟಿನ ಮಾತೇ ಮರೆತಾಳು ಎಂಬ ಧೈರ್ಯ ಬೇರೆ.

ಈಗ ಉಗುರಿನಿಂದ ಮುಚ್ಚಳ ಎತ್ತಿ ತೋರಿಸಿದರು. "ಇಲ್ಲಿ ನೋಡ್ರಿ ಬಾಯಾರ. ಸೀಟಿನ ಹಿಂದ ದಪ್ಪಂದು ಕಬ್ಬಿಣದ ತಗಡು ಇರ್ತದ, ಬೆನ್ನಿಗಿ ಗುಂಡು ತಾಕಬಾರದಂತ. ಅದನ್ನ ಸುದಾ ಹಾಕೀನಿ. ಅಲ್ಲಿ ಇನ್ನೊಬ್ಬರು ಕೂಡಾಕ ಜಾಗಾನ ಇಲ್ಲರಿ."

ಬಾಯಿ ಬಗ್ಗಿ, ಉಗುರಿನಷ್ಟಿದ್ದ ಆ ತಗಡನ್ನು ಬಹಳ ಹೊತ್ತು ನೋಡಿದರು. ಛಲೋ ಮಾಡೀರಿ ಎಂದು ಮೆಲ್ಲಗೆ ಹೇಳಿ, ವಿಮಾನವನ್ನು ಮೇಜಿನ ಮೇಲೆಯೇ ಬಿಟ್ಟು ಚಹಾ ಮಾಡಲು ಒಳಗೆ ಹೋದರು. ಜಗಳವಾಡಿದ್ದರೆ ಮಾಸ್ತರರ ಹತ್ತಿರ ಉತ್ತರಗಳು ಬೇಕಾದಷ್ಟಿದ್ದವು. ಒಬ್ಬರೇ ಕೂತಿದ್ದಾಗ ಅವರಿಗೆ ನಾಚಿಕೆಯಾಯಿತು. ಒಂದು ಕಟ್ಟಿಗೆಯ ಚೂರು ಕೆತ್ತಿ ಕೂಡಿಸಿದ್ದರೆ ಮುಗಿಯುತ್ತಿತ್ತು. ಆ ಹೆಂಗಸು ಇಷ್ಟು ವರ್ಷಗಳಲ್ಲಿ ಬೇರೆ ಯಾರ ಹತ್ತಿರ ಏನು ಕೇಳಿದ್ದಳೋ, ತನ್ನ ಹತ್ತಿರ ಕೇಳಿದ್ದು ಅದೊಂದೇ. ಬಾಯಿ ಚಹಾ ತಂದಿಟ್ಟಾಗ, ವಿಮಾನವನ್ನು ವಾಪಸ್ ಒಯ್ಯುತ್ತೇನೆ, ತಗಡು ಕಿತ್ತು ಸೀಟು ಹಾಕಿಯೇ ತರುತ್ತೇನೆ ಎಂದರು.

ಬಾಯಿ ಚಹಾದ ಕಪ್ಪನ್ನು ಅವರ ಕಡೆ ಸರಿಸಿದರು. ಮಾಸ್ತರು ಕೇಳಿದರು, "ಅವರ ಜೋಡಿ ವಿಮಾನದಾಗ ಕೂಡಬೇಕಂತ ನಿಮಗ ಭಾಳ ಆಸೆ ಇತ್ತೇನ್ರಿ?"

"ನನಗ್ಯಾಕರಿ ಆಸೆ? ಮಾಳಿಗಿ ಹತ್ತಿದ್ರನ ನನಗ ತಲಿ ತಿರುಗ್ತದ."

ಬಾಯಿ ಗೋಡೆಯ ಎರಡನೆಯ ಫೋಟೋದ ಕಡೆ ನೋಡಿದರು. ಮಾಸ್ತರರೂ ಮೊದಲ ಸಲ ಅದನ್ನು ನೆಟ್ಟಗೆ ನೋಡಿದರು.

"ಒಬ್ಬರ ಇದ್ದಾಗ ಆ ಫಟಫಟಿ ಹುಚ್ಚರಂಗ ಹೊಡಿತಿದ್ರು ಮಾಸ್ತರ. ನಾ ಹಿಂದ ಕುಂತ್ರ, ರಾಜೇಶ್ವರದ ಹಾದ್ಯಾಗ ಎತ್ತಿನ ಬಂಡಿ ಸುದಾ ನಮ್ಮನ್ನ ದಾಟಿ ಹೋಗ್ತಿದ್ದವು."