ಮೀಡಿಯಂ ಅಕ್ಕ

ಅಂಗಡಿಗಳಿಂದ ವಾಪಸ್ಸು ಬಂದ ಹೆಂಗಸರ ಪ್ಯಾಂಟುಗಳನ್ನೆಲ್ಲ ಮಾಲೀಕ ತಂದು ಕಟಿಂಗ್ ಮೇಜಿನ ಮೇಲೆ ರಾಶಿ ಸುರಿದ. ಎಲ್ಲದರದೂ ಒಂದೇ ದೂರು, ಸೊಂಟ ಬಿಗಿ.

"ಕತ್ತರಿ ಹಿಡಿಯೋದೇ ಮರ್ತುಹೋಯ್ತೇನ್ರೀ ಮಾಸ್ಟರ್?"

ಕಟಿಂಗ್ ಮಾಸ್ಟರ್ ಕೊರಳಲ್ಲಿದ್ದ ಟೇಪನ್ನು ತೆಗೆದು ಕೈಗೆ ಸುತ್ತಿಕೊಂಡ. "ಅಳತೆ ಸರಿಯಾಗೇ ಇದೆ ಸಾರ್. ಸ್ಯಾಂಪಲ್ ಅಕ್ಕನಿಗೆ ಹಾಕಿಸಿ, ಅವರು ಸರಿ ಅಂದಮೇಲೇ ಬಟ್ಟೆಗೆ ಕತ್ತರಿ ಇಟ್ಟಿದ್ದು."

"ಸ್ಯಾಂಪಲ್ ಸರಿ ಇದ್ದು ಮಾಲು ಮಾತ್ರ ಬಿಗಿ ಅಂದ್ರೆ ಏನರ್ಥ? ಬಟ್ಟೆ ಉಳಿಸೋಕೆ ನೀವೇ ನಡುವೆ ಕೈ ಆಡಿಸಿದೀರಿ. ಕರೀರಿ ಅಕ್ಕನ್ನ. ಅದೇ ಸ್ಯಾಂಪಲ್ ನನ್ನೆದುರಿಗೆ ಹಾಕ್ಕೊಂಡು ಬರಲಿ. ಸರಿಯಾಗಿ ಕೂತ್ರೆ ನಾಳೆಯಿಂದ ನೀವು ಬರೋದು ಬೇಡ."

ಆ ಕಾರ್ಖಾನೆಯಲ್ಲಿ ಮೀಡಿಯಂ ಅಳತೆ ಅಂದರೆ ಅಕ್ಕನ ಮೈ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಮೀಡಿಯಂ ಅಕ್ಕ. ಹೊಸ ಮಾದರಿ ಹೊಲಿದಾಗಲೆಲ್ಲ ಪರದೆಯ ಹಿಂದೆ ಹೋಗಿ ಅದನ್ನು ತೊಟ್ಟು ಬಂದು ಮಣೆಯ ಮೇಲೆ ನಿಲ್ಲುವುದು ಅವಳ ಕೆಲಸ. ಮಾಸ್ಟರ್ "ಬಿಗೀನಾ?" ಅನ್ನುತ್ತಾನೆ, ಅವಳು "ಸರಿಯಾಗಿದೆ" ಅನ್ನುತ್ತಾಳೆ. ಆಮೇಲೆ ಸಾವಿರಾರು ಪ್ಯಾಂಟುಗಳು ಅದೇ ಅಳತೆಗೆ ಹೊಲಿಸಿಕೊಂಡು ಅಂಗಡಿ ಸೇರುತ್ತವೆ.

ಒಂದು ಕಾಲದಲ್ಲಿ ಅವಳು ಇಲ್ಲಿನದೇ ಪ್ಯಾಂಟು ತೊಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಟಕಟಕ ಅನ್ನಿಸುತ್ತ ಬಂದರೆ ಹೊಲಿಗೆ ಮಷೀನುಗಳೂ ಒಂದು ಗಳಿಗೆ ಸುಮ್ಮನಾಗುತ್ತಿದ್ದವು. ಈಗ ಬರುವುದು ಒಗೆದೊಗೆದು ಮೆತ್ತಗಾದ ಉದ್ದ ಅಂಗಿ, ಎಲಾಸ್ಟಿಕ್ ಪೈಜಾಮ ಮತ್ತು ಚಪ್ಪಟೆ ಚಪ್ಪಲಿಯಲ್ಲಿ. ಹಿಮ್ಮಡಿ ಬಿಟ್ಟದ್ದು ಮಂಡಿನೋವಿಗೆ, ಬೆಲ್ಟು ಬಿಟ್ಟದ್ದು ಉಂಡದ್ದು ಇಳಿಯಲಿ ಅಂತ. ಉಳಿದ ಷೋಕಿಯನ್ನೆಲ್ಲ ಯಾವಾಗ ಬಿಟ್ಟೆ ಅನ್ನುವುದು ಅವಳಿಗೇ ನೆನಪಿಲ್ಲ. ಕನ್ನಡಿಯ ಹಂಗು ಹರಿದ ಮೇಲೆ ಮೈಗೆ ಹಾಯೆನಿಸಿದ್ದು ಮಾತ್ರ ನಿಜ. ಆದರೆ ಮಣೆ ಹತ್ತಿದಾಗ ಹೊಟ್ಟೆಯನ್ನು ಒಳಗೆಳೆದು, ಉಸಿರು ಬಿಗಿಹಿಡಿದು, ಹಳೇ ಮೀಡಿಯಂ ಆಗಿಯೇ ನಿಲ್ಲುತ್ತಿದ್ದಳು. ಬಿಗಿ ಅಂದರೆ ಮರುದಿನವೇ ಬೇರೊಬ್ಬಳು ಮೀಡಿಯಂ ಬರುತ್ತಾಳೆ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಈಗ ಪರದೆಯ ಹಿಂದೆ ಆ ಸ್ಯಾಂಪಲ್ ಪ್ಯಾಂಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಹೊರಗಿನ ಮಾತೆಲ್ಲ ಕಿವಿಗೆ ಬಿದ್ದಿತ್ತು. ಉಸಿರು ಹಿಡಿದರೆ ಮಾಸ್ಟರನ ಕೆಲಸ ಹೋಗುತ್ತದೆ, ಬಿಟ್ಟರೆ ತನ್ನದು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಭ್ಯಾಸಬಲದಿಂದ ಹೊಟ್ಟೆ ತಾನಾಗಿ ಒಳಗೆ ಹೋಯಿತು, ಅವಳು ಹೊರಗೆ ಬಂದು ಮಣೆ ಹತ್ತಿದಳು.

ಮಾಲೀಕ ಒಂದು ಸುತ್ತು ಬಂದ. "ನೋಡ್ರೀ, ಹೇಳಿ ಮಾಡಿಸಿದ ಹಾಗೆ ಕೂತಿದೆ. ಇನ್ನೇನು ಹೇಳ್ತೀರಿ?"

ಮಾಸ್ಟರ್ ಬೇಡುವವನ ಹಾಗೆ ಅವಳ ಮುಖ ನೋಡಲಿಲ್ಲ. ಸೊಂಟದ ಪಟ್ಟಿಯನ್ನೇ ನೋಡುತ್ತ, ದಿನಾ ಕೇಳುವ ಹಾಗೆಯೇ ಕೇಳಿದ. "ಬಿಗೀನಾ ಅಕ್ಕ?"

ಅವನ ಮೇಲಿನ ಕರುಣೆಯಿಂದ ಹಾಗೆ ಮಾಡಿದಳು ಅಂದರೆ ಪೂರ್ತಿ ನಿಜವಾಗುವುದಿಲ್ಲ. ಕರುಣೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಸಾಕಾಗಿತ್ತು. ನಿಂತು ನಿಂತು, ಹಿಡಿದು ಹಿಡಿದು, ಸಾಕಪ್ಪಾ ಸಾಕು ಅನ್ನಿಸಿತ್ತು. ಉಸಿರು ಬಿಟ್ಟಳು.

ಗುಂಡಿಯೇನೂ ಹಾರಲಿಲ್ಲ. ಮಾಸ್ಟರ್ ಹೊಲಿಸಿದ ಗುಂಡಿ ಅಷ್ಟು ಸುಲಭಕ್ಕೆ ಹಾರುವಂಥದ್ದಲ್ಲ. ಹೊಟ್ಟೆ ಮಾತ್ರ ಮೆಲ್ಲಗೆ ಇಳಿದು ಪಟ್ಟಿಯ ಮೇಲೆ ಬಂದು ಕೂತಿತು. ಹೊಲಿಗೆಗಳು ಎರಡೂ ಪಕ್ಕದಲ್ಲಿ ಹಿಗ್ಗಿ ಹಲ್ಲು ಬಿಟ್ಟವು.

"ಬಿಗಿ," ಅಂದಳು. "ಬಹಳ ವರ್ಷದಿಂದ ಬಿಗೀನೇ ಸಾರ್."

"ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ಉಸಿರು."

ಮಾಲೀಕ ಕೂಗಾಡುತ್ತಾನೆಂದು ಇಬ್ಬರೂ ಕಾದರು. ಅವನು ಕೂಗಾಡಲಿಲ್ಲ, ರಾಶಿಯಿಂದ ಒಂದು ಪ್ಯಾಂಟು ಎತ್ತಿ ಅವಳ ಸೊಂಟಕ್ಕೆ ಹಿಡಿದು ನೋಡಿದ, ಸ್ಯಾಂಪಲ್ಲಿನ ಅಳತೆಯೇ. ವ್ಯಾಪಾರದ ಲೆಕ್ಕದಲ್ಲಿ ಅವನು ದಡ್ಡನಲ್ಲ.

"ಅಂದ್ರೆ ನಮ್ಮ ಗಿರಾಕಿಗಳೂ ಇವರ ವಾರಿಗೆಯೋರೇ. ಅವರಿಗೂ ಈಗ ಸಡಿಲ ಬೇಕಾಗಿದೆ. ಮಾಸ್ಟರ್, ಇವರು ಹೀಗೇ ಉಸಿರು ಬಿಟ್ಕೊಂಡು ನಿಂತಿರಲಿ, ಅಳತೆ ತಗೊಳ್ಳಿ. ಇದೇ ಅಳತೆಗೆ ಹತ್ತಿ ತುಂಬಿದ ಒಂದು ಬೊಂಬೆ ಮಾಡಿಸಿಬಿಡೋಣ. ಅದು ದಪ್ಪ ಆಗೋದಿಲ್ಲ, ಸುಳ್ಳೂ ಹೇಳೋದಿಲ್ಲ."

"ಮತ್ತೆ ಅಕ್ಕ?"

"ಬೊಂಬೆ ಬಂದಮೇಲೆ ಅಕ್ಕನಿಗೇನು ಕೆಲಸ ಇಲ್ಲಿ?" ಮಾಲೀಕ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹರಿದ ಪರದೆ ಬದಲಾಯಿಸಿ ಅಂದಷ್ಟು ಸಲೀಸಾಗಿ ಹೇಳಿ ಹೊರಟುಹೋದ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಮಾಸ್ಟರ್ ಟೇಪು ಸುತ್ತಿದ. ಇಷ್ಟು ವರ್ಷ ಕೈಗೆ ಸಿಗದ ಅಳತೆ ಈಗ ಸಿಕ್ಕಿದ್ದಕ್ಕೆ ಅವನಿಗೆ ಖುಷಿಯಾಗಲಿಲ್ಲ. ಸೊಂಟ, ಹೊಟ್ಟೆ, ತೊಡೆ ಎಲ್ಲವನ್ನೂ ಅಳೆದ. ಅವಳು ಬೇಕಾದ ಹಾಗೆ ಉಸಿರಾಡುತ್ತ ನಿಂತಿದ್ದಳು. ಆ ಮಣೆಯ ಮೇಲೆ ಹಾಗೆ ನಿಂತದ್ದು ಅದೇ ಮೊದಲು.

"ನನ್ನ ಕೆಲಸ ಉಳಿಸೋಕೆ ಹೋಗಿ ನಿಮ್ಮದು ಕಳ್ಕೊಂಡ್ರಲ್ಲ ಅಕ್ಕ," ಅಂದ. "ಇನ್ಮೇಲೆ ಆ ಹತ್ತಿ ಬೊಂಬೆಗೆ ಹಾಕಿ ನಾನು ಏನಂತ ಕೇಳಲಿ? ಎಷ್ಟು ಬಿಗಿಯಾದ್ರೂ ಅದು ಬಾಯಿ ಬಿಡೋದಿಲ್ಲ."

ಅವಳು ಮಾಸ್ಟರನ ಭುಜ ಹಿಡಿದುಕೊಂಡು ನಿಧಾನವಾಗಿ ಮಣೆಯಿಂದ ಇಳಿದಳು.

"ಇಷ್ಟು ವರ್ಷ ನಾನೇನು ಬಾಯಿ ಬಿಟ್ಟಿದ್ನಾ ಮಾಸ್ಟರ್?"